ಲೆನ್ಸಿನ ದರಪಟ್ಟಿಗಿಂತ ಮೊದಲು ಅಳತೆ ಟೇಪು

ಕಾಸರಗೋಡಿನ ಕಣ್ಣಾಸ್ಪತ್ರೆಯೊಂದರಲ್ಲಿ, ಪೊರೆ ಆಪರೇಶನ್‌ಗೆ ಬಂದವರಿಗೆ ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಲೆನ್ಸ್ ವಿವರಿಸುವುದು ನನ್ನ ಕೆಲಸ. ಹೆಚ್ಚಿನವರ ಮೊದಲ ಮಾತು ಒಂದೇ: "ಕನ್ನಡಕವೇ ಬೇಡದಂಥದ್ದು ಹಾಕಿ." ಗಲ್ಫಿನಿಂದ ಮಗನ ಫೋನೂ ಬರುತ್ತದೆ: "ದುಡ್ಡು ನೋಡಬೇಡಿ, ಇದ್ದದ್ದರಲ್ಲಿ ಟಾಪ್ ಯಾವುದೋ ಅದೇ ಆಗಲಿ." ನಾನು ಮಾತ್ರ ದರ ಹೇಳುವ ಮೊದಲು ಕೇಳುವುದು, ನಿಮ್ಮ ಕೆಲಸ ಏನು, ರಾತ್ರಿ ಗಾಡಿ ಓಡಿಸುತ್ತೀರಾ ಎಂದು.

ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಟ್ಟಿಯಾಗುತ್ತ ಹೋಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. ಅದೇ ಚಾಳೀಸು. ನಾವು ಕೂರಿಸುವ ಮಾಮೂಲಿ ಮೊನೊಫೋಕಲ್, ಅಂದರೆ ಒಂದೇ ಅಂತರಕ್ಕೆ ಹೊಂದಿಸಿದ ಲೆನ್ಸಿಗೂ ಉಬ್ಬಲು ಬರುವುದಿಲ್ಲ. ದೂರಕ್ಕೆ ಹೊಂದಿಸಿದರೆ ಓದಲು ಕನ್ನಡಕ ಬೇಕು. ಟ್ರೈಫೋಕಲ್‌ನ ಸೂಕ್ಷ್ಮ ಬಳೆಗಳು ಬೆಳಕನ್ನು ದೂರ, ನಡು, ಹತ್ತಿರ ಎಂದು ಪಾಲು ಮಾಡುತ್ತವೆ. ಪಾಲಾದ ಮೇಲೆ ಯಾವುದಕ್ಕೂ ಪೂರ್ತಿ ಬೆಳಕಿಲ್ಲ. ಹಾಗಾಗಿ ಮಬ್ಬು ಬೆಳಕಿನಲ್ಲಿ ಓದುವುದು ಕಷ್ಟ, ರಾತ್ರಿ ಎದುರಿನ ಲಾರಿಯ ಹೆಡ್‌ಲೈಟಿನ ಸುತ್ತ ಬಳೆಬಳೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ರೂಢಿಯಾಗುತ್ತದೆ. ಆಗದವರೂ ಇದ್ದಾರೆ.

ಕುಂಬಳೆ ಕಡೆಯ ಯಕ್ಷಗಾನ ಭಾಗವತರೊಬ್ಬರು ಬಂದಿದ್ದರು. "ಆಟದಲ್ಲಿ ಕೂರುವ ಹಾಗೆ ಕೂತು ತೋರಿಸಿ ಭಾಗವತರೇ" ಎಂದೆ. ಸ್ಟೂಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಜಾಗಟೆ ಹಿಡಿದಂತೆ ಕೈ ಇಟ್ಟು, ಪ್ರಸಂಗ ಪುಸ್ತಕದ ಜಾಗ ತೋರಿಸಿದರು. ಟೇಪು ಹಿಡಿದರೆ 60 ಸೆಂಟಿಮೀಟರ್ ಚಿಲ್ಲರೆ! ಓದುವುದಕ್ಕೆ ನಾವು ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು 40. ಕೈಗೆ ಬಿಡುವಿಲ್ಲ, ಪುಸ್ತಕ ಹತ್ತಿರ ತರುವ ಹಾಗೂ ಇಲ್ಲ. ತಲೆ ಎತ್ತಿದರೆ ಎದುರು ವೇಷ. ಆಟ ಮುಗಿಸಿ ಬೆಳಗಿನ ಜಾವ ಬೈಕಿನಲ್ಲಿ ಮನೆಗೆ. ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಡಾಕ್ಟರು ಟ್ರೈಫೋಕಲ್ ಬಿಟ್ಟು ಇಡಿಒಎಫ್, ಅಂದರೆ ಸ್ಪಷ್ಟವಾಗಿ ಕಾಣುವ ಅಂತರವನ್ನು ಹಿಗ್ಗಿಸುವ ಲೆನ್ಸ್ ಆರಿಸಿದರು. ಅದರಲ್ಲಿ ದೂರದಿಂದ ನಡು ಅಂತರದವರೆಗೆ ಚೆನ್ನಾಗಿ ಕಾಣುತ್ತದೆ, ರಾತ್ರಿಯ ಬಳೆಗಳ ಕಾಟವೂ ಕಡಿಮೆ. ಮಾತ್ರೆ ಪಟ್ಟಿಯ ಸಣ್ಣ ಅಕ್ಷರಕ್ಕೆ ಮಾತ್ರ ಕನ್ನಡಕ ಬೇಕಾದೀತು ಎಂದೆ. "ಅದನ್ನು ಮನೆಯವಳು ಓದ್ತಾಳೆ ಮಾರಾಯ್ರೆ" ಎಂದರು.

ಬೀಡಿ ಕಟ್ಟುವ ಅಕ್ಕನೊಬ್ಬರಿಗೆ ಲೆಕ್ಕವೇ ಬೇರೆ. ದಿನವಿಡೀ ಕಣ್ಣು ಮೊರದ ಮೇಲೆ, ಗಾಡಿ ಓಡಿಸುವುದಿಲ್ಲ. ಸಾದಾ ಮೊನೊಫೋಕಲನ್ನೇ ಹತ್ತಿರಕ್ಕೆ ಹೊಂದಿಸಿದರು. ಬಸ್ಸಿನ ಬೋರ್ಡ್ ಓದಲು ಕನ್ನಡಕ. ಖರ್ಚೂ ಕಡಿಮೆಯಾಯಿತು.

ಸಕ್ಕರೆ ಕಾಯಿಲೆಯವರಾದರೆ ರೆಟಿನಾ ಪರೀಕ್ಷೆಯ ರಿಪೋರ್ಟ್ ಕೈಗೆ ಬರುವವರೆಗೆ ನಾನು ಟ್ರೈಫೋಕಲ್ ಸುದ್ದಿಯನ್ನೇ ಎತ್ತುವುದಿಲ್ಲ. ರೆಟಿನಾ, ಅಂದರೆ ಕಣ್ಣಿನ ನರಪಟಲ, ಮೊದಲೇ ಸೋತಿದ್ದರೆ ಬೆಳಕನ್ನು ಇನ್ನಷ್ಟು ಪಾಲು ಮಾಡುವ ಲೆನ್ಸ್ ಯಾಕೆ? ಮಗ ಎಷ್ಟೇ ಕಳಿಸಲಿ.