ಓಟಿಜಿ ಪಿಜ್ಜಾ: ತಳ ಕೊನೆಗೂ ಕೆಂಪಾಯಿತು

ಮೇಲೆ ಚೀಸ್ ಕುದಿದು ಕಂದು ಚುಕ್ಕೆ ಬಂದಿರುತ್ತದೆ, ಅಂಚು ಉಬ್ಬಿರುತ್ತದೆ, ಎತ್ತಿ ನೋಡಿದರೆ ತಳ ಮಾತ್ರ ಬೆಳ್ಳಗೆ, ಒದ್ದೆ. ಸಣ್ಣ ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್ ಎಂಬ ಕರೆಂಟ್ ಓವನ್) ಇಟ್ಟುಕೊಂಡವರಿಗೆಲ್ಲ ಈ ರೋಗ ಗೊತ್ತು. ಮದ್ದು ಸಿಕ್ಕಿದೆ, ಆದರೆ ಓಟಿಜಿಯೊಳಗಲ್ಲ, ಗ್ಯಾಸ್ ಒಲೆಯ ಮೇಲೆ.

ಹಿಟ್ಟಿನದು ಎರಡೇ ಮಾತು. ತಲಾ 200 ಗ್ರಾಂನ ಎರಡು ಉಂಡೆಗೆ ಮೈದಾ 240 ಗ್ರಾಂ, ನೀರು 150, ಉಪ್ಪು 6, ಸಕ್ಕರೆ 3, ಎಣ್ಣೆ 5, ಇನ್‌ಸ್ಟಂಟ್ ಯೀಸ್ಟ್ ಕಾಲು ಟೀ ಚಮಚ. ನಾದಿ 24 ಗಂಟೆ ಫ್ರಿಜ್‌ನಲ್ಲಿ. ಮುಂಬೈ ಸೆಕೆಗೆ ನಾದುವ ನೀರೂ ಫ್ರಿಜ್‌ನದ್ದೇ ಇರಲಿ. ಮಳೆಗಾಲದಲ್ಲಿ ಮೈದಾ ತಾನೇ ತೇವ ಹೀರಿಕೊಂಡಿರುತ್ತದೆ, ಹಾಗಾಗಿ ನೀರು 5 ಗ್ರಾಂ ಕಡಿಮೆ. ಸಕ್ಕರೆ ರುಚಿಗಲ್ಲ, ಬಣ್ಣಕ್ಕೆ.

ಈಗ ತಳದ ವಿಚಾರ. ಓಟಿಜಿ ಜೊತೆ ಬರುವ ತೆಳ್ಳನೆಯ ಅಲ್ಯೂಮಿನಿಯಂ ಟ್ರೇಯಲ್ಲಿ ಹಿಡಿದಿಡಲು ಶಾಖವೇ ಇಲ್ಲ. ಅದರ ಮೇಲೆ ತಣ್ಣನೆಯ ಹಿಟ್ಟು, ಹಸಿ ಸಾಸ್ ಬಿದ್ದ ಕೂಡಲೇ ಅದೂ ತಣ್ಣಗಾಗುತ್ತದೆ. ತಳ ಕೆಂಪಾಗುವ ಮೊದಲೇ ಮೇಲಿನ ಚೀಸ್ ಒಣಗಿ ಎಣ್ಣೆ ಬಿಡುತ್ತದೆ. ಟ್ರೇ ಬದಲು ಕಡಪಾ ಕಲ್ಲಿನ ತುಂಡು ಇಡಿ, ಪುಕ್ಕಟೆ ಸಿಗುತ್ತದೆ ಎಂದು ಅನೇಕರು ಹೇಳುತ್ತಾರೆ. ಬೇಡ. ಅದು ಪದರಗಲ್ಲು, ಒಳಗೆ ತೇವವಿದ್ದರೆ ಕಾದಾಗ ಚಕ್ಕೆ ಏಳುತ್ತದೆ, ಒಡೆಯುತ್ತದೆ.

ಗೆದ್ದದ್ದು ಬೀಡಿನ, ಅಂದರೆ ಎರಕದ ಕಬ್ಬಿಣದ ಹಂಚು. 26 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪ, ಎರಡು ಕಿಲೋಗೆ ಸ್ವಲ್ಪ ಕಡಿಮೆ ತೂಕ. ದಾದರ್ ಮಾರ್ಕೆಟ್‌ನಲ್ಲಿ 'ಬಿಡಾಚಾ ತವಾ' ಎಂದು ಕೇಳಿ. ಸಪಾಟಾಗಿರಬೇಕು, ಮರ ಅಥವಾ ಪ್ಲಾಸ್ಟಿಕ್ ಹಿಡಿ ಇರಬಾರದು. ಅಂಗಡಿಯವರು 'ಫ್ಲ್ಯಾಟ್ ಹೀ ಹೈ' ಎಂದು ಆಣೆ ಇಟ್ಟರೂ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ. ನಡುವೆ 2 ಮಿ.ಮೀ. ತಗ್ಗಿದ್ದರೂ ಹಿಟ್ಟಿನ ನಡುಭಾಗ ಹಂಚಿಗೆ ಸರಿಯಾಗಿ ತಾಗುವುದಿಲ್ಲ. 'ಪಳಗಿಸಿದ್ದು' (ಎಣ್ಣೆ ಸವರಿ ಕಾಯಿಸಿ ಹದ ಮಾಡಿದ್ದು) ಎಂದು ಹೆಚ್ಚು ದುಡ್ಡು ಕೀಳುವ ಕೆಲವದರಲ್ಲಿ ಪಳಗಿದ್ದು ಬರೀ ಕಪ್ಪು ಬಣ್ಣ, ಉಜ್ಜಿದರೆ ಕೈಗೆ ಬರುತ್ತದೆ.

ಹಂಚನ್ನು ಓಟಿಜಿಯೊಳಗೇ ಕಾಯಿಸಲು ಹೋದರೆ ಹೊತ್ತೂ ದಂಡ, ಕರೆಂಟೂ ದಂಡ. ಓಟಿಜಿಯ ಶಾಖದ ತಿರುಗುಗುಂಡಿ 250 ಡಿಗ್ರಿ ತೋರಿಸುತ್ತಿದ್ದರೂ ಹಂಚಿನ ಮೈ ಅಲ್ಲಿಗೆ ಮುಟ್ಟುವುದು ಬಹಳ ತಡ. ಗ್ಯಾಸ್ ಮೇಲೆ ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷಕ್ಕೆ 280 ಡಿಗ್ರಿ ಸುತ್ತಮುತ್ತ ಬರುತ್ತದೆ. ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ಬರ್ನರ್‌ನ ಉರಿ ಬಳೆಯಾಕಾರದ್ದು. ಹಾಗೇ ಹಿಟ್ಟು ಹಾಸಿದರೆ ತಳದಲ್ಲಿ ಬರ್ನರ್ ಅಳತೆಯ ಕರಿ ಬಳೆ, ಅದರ ನಡುವೆ ರೂಪಾಯಿ ನಾಣ್ಯದಷ್ಟು ಬಿಳಿ. ಅದಕ್ಕೇ ಉರಿ ಆರಿಸಿ ಎರಡು ನಿಮಿಷ ಸುಮ್ಮನೆ ಬಿಡಬೇಕು, ಶಾಖ ಹಂಚಿನ ತುಂಬ ಸಮನಾಗಿ ಹರಡುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇಲ್ಲದಿದ್ದರೆ ಚಿಟಿಕೆ ಮೈದಾ ಉದುರಿಸಿ: ಹತ್ತು ಎಣಿಸುವಷ್ಟರಲ್ಲಿ ಕಂದಾದರೆ ಸರಿ, ಬಿದ್ದ ಕೂಡಲೇ ಕಪ್ಪಾಗಿ ಹೊಗೆಯೆದ್ದರೆ ಇನ್ನೊಂದು ನಿಮಿಷ ಕಾಯಿರಿ.

ಆಮೇಲೆ ಕೈ ಚುರುಕಾಗಿರಬೇಕು. ತಟ್ಟಿದ ಹಿಟ್ಟನ್ನು ಹಂಚಿಗೆ ಹಾಸಿ, ಸಾಸ್ 60 ಗ್ರಾಂ, ಚೀಸ್ 80 ಗ್ರಾಂ. ಸಣ್ಣ ಉರಿಯಲ್ಲಿ ಒಂದು ನಿಮಿಷ. ಅಷ್ಟರಲ್ಲಿ ಓಟಿಜಿಯ ಮೇಲಿನ ಕಾಯಿಲ್ ಕೆಂಪಗಿರಬೇಕು. ಹಂಚನ್ನು ಇಕ್ಕಳದಲ್ಲಿ ಹಿಡಿದು ಮೇಲಿನ ಕಂಬಿಗೆ ಸರಿಸಿದರೆ ನಾಲ್ಕೈದು ನಿಮಿಷ, ಅಷ್ಟೇ. ಕೆಳಗೆ ಚಿರೋಟಿ ರವೆ ಉದುರಿಸುವ ಅಭ್ಯಾಸ ಇಲ್ಲಿ ಬಿಡಿ, ಆ ಕಾವಿಗೆ ಅದು ಸುಟ್ಟು ಕಹಿಯಾಗುತ್ತದೆ.

ಇಷ್ಟಾದರೂ ಸಾಸ್ ನೀರಾಗಿದ್ದರೆ ಎಲ್ಲ ವ್ಯರ್ಥ. ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 2260 ಜೂಲ್ ಬೇಕು. ಪಿಜ್ಜಾ ಮೇಲೆ ಹೆಚ್ಚುವರಿ 30 ಗ್ರಾಂ ನೀರಿದ್ದರೆ ಹಿಟ್ಟಿಗೆ ಸಲ್ಲಬೇಕಾದ ಶಾಖವನ್ನೆಲ್ಲ ಅದೇ ನುಂಗುತ್ತದೆ. ಟೊಮ್ಯಾಟೊ ತುರಿದು, ಉಪ್ಪು ಹಾಕಿ, ಜರಡಿಯಲ್ಲಿ ಅರ್ಧ ಗಂಟೆ ಇಡಿ. ಇಳಿದ ನೀರನ್ನು ಮಾತ್ರ ಬಾಣಲೆಯಲ್ಲಿ ಗಟ್ಟಿಯಾಗುವ ತನಕ ಬತ್ತಿಸಿ ತಿರುಳಿಗೆ ಮರಳಿ ಬೆರೆಸಿ. ಇಂಪೋರ್ಟೆಡ್ ಡಬ್ಬಿಯ ಖರ್ಚು ಉಳಿಯಿತು, ಟೊಮ್ಯಾಟೊದ ತಾಜಾ ಘಮವೂ ಹಾಗೇ ಉಳಿಯಿತು.

ಉಳಿಸಿದ ದುಡ್ಡನ್ನು ಚೀಸ್ ತಿನ್ನುತ್ತದೆ. ಕಿಲೋಗೆ 500 ರೂಪಾಯಿ ಎಂದರೂ 80 ಗ್ರಾಂಗೆ 40 ರೂಪಾಯಿ, ಮಿಕ್ಕೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಅಗ್ಗದ ಚೀಸ್ ಎಂದು ಹೋಲ್‌ಸೇಲ್ ಅಂಗಡಿಯಲ್ಲಿ ಕೊಡುವ ಪೊಟ್ಟಣದ ಹಿಂಬದಿ ಓದಿ. ಪಾಮ್ ಎಣ್ಣೆ, ಪಿಷ್ಟ ಎಂದಿದ್ದರೆ ಅದು ಅನಲಾಗ್, ಅಂದರೆ ಚೀಸ್‌ನ ನಕಲು, ಮೊಜ್ಜರೆಲ್ಲಾದ ಹಾಗೆ ನೂಲಾಗಿ ಎಳೆಯುವುದಿಲ್ಲ. ಅದೇ ಅಂಗಡಿಗಳಲ್ಲಿ ತಾರೀಖಿಲ್ಲದೆ ತೂಗಿ ಕಟ್ಟಿಕೊಡುವ ಯೀಸ್ಟ್ ಅಂತೂ ಯೀಸ್ಟ್‌ನ ಅಸ್ಥಿ. ಬೆಚ್ಚನೆಯ ಸಕ್ಕರೆ ನೀರಿಗೆ ಹಾಕಿ ಹತ್ತು ನಿಮಿಷದಲ್ಲಿ ನೊರೆ ಬರದಿದ್ದರೆ ಎಸೆಯಿರಿ.

ಅಂದ ಹಾಗೆ, ಮುಂದಿನ ಕೆಲಸ ಜೋಳದ್ದು. ಜೋಳದ ಹಿಟ್ಟಿಗೆ ಜಿಗುಟಿಲ್ಲ, ಹಸಿಯಾಗಿ ಬೆರೆಸಿದರೆ ಹಿಟ್ಟು ಎಳೆದಾಗ ಕಿತ್ತುಹೋಗುತ್ತದೆ. ರೊಟ್ಟಿಗೆ ಎಸರು ಹಾಕುವ ಹಾಗೆಯೇ 24 ಗ್ರಾಂ ಜೋಳದ ಹಿಟ್ಟಿಗೆ 48 ಗ್ರಾಂ ಕುದಿಯುವ ನೀರು ಸುರಿದು ಮುದ್ದೆ ಮಾಡಿ, ಆರಿಸಿ, 216 ಗ್ರಾಂ ಮೈದಾದೊಂದಿಗೆ ನಾದುವ ಯೋಜನೆ. ಆ 48 ಗ್ರಾಂ ನೀರು ಒಟ್ಟು 150ರೊಳಗೇ. ಡೊಂಬಿವಲಿ ಗಿರಣಿಯಲ್ಲಿ ಆಗತಾನೇ ಬೀಸಿಸಿದ ಹಿಟ್ಟೇ ಬೇಕು, ಹಳೆಯದು ಕಹಿ.

ಬಾಕಿ ಉಳಿದಿರುವುದು ಎರಡನೆಯ ಪಿಜ್ಜಾ. ಹಂಚು ಮತ್ತೆ ಕಾಯುವ ಹೊತ್ತಿಗೆ ಓಟಿಜಿಯ ಥರ್ಮೋಸ್ಟ್ಯಾಟ್ ಸಾಕೆಂದು ಮೇಲಿನ ಕಾಯಿಲ್ ಆರಿಸಿಬಿಡುತ್ತದೆ. ಬಾಗಿಲು ಒಂದು ಬೆರಳಷ್ಟು ತೆರೆದಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ, ಆದರೆ ಒಳಗಿನ ಕಾವು ಹೊರಗೆ ಹೋಗುತ್ತದೆ. ಎರಡನೆಯದರ ಚೀಸ್‌ಗೆ ಸದ್ಯಕ್ಕೆ ಎರಡು ನಿಮಿಷ ಹೆಚ್ಚು ಕೊಡಲೇಬೇಕು.