ಸ್ಲೇಟ್ ಎತ್ತಿ ತೋರಿಸಿ ಮಕ್ಕಳೇ

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಆರು ವರ್ಷ ಆಯ್ತು. ಇಲ್ಲಿಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್‌ಗೆ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ನಮ್ಮಕ್ಕ ಬಾಗೇಪಲ್ಲಿ ಕಡೆ ಸರ್ಕಾರಿ ಶಾಲೆ ಟೀಚರ್. ಭಾನುವಾರ ಫೋನ್ ಮಾಡಿದರೆ ಅಮ್ಮನ ಮಂಡಿನೋವು, ಹಿಪ್ಪುನೇರಳೆ ತೋಟ, ಮಳೆ ಎಲ್ಲ ಮುಗಿದ ಮೇಲೆ ಮಾತು ಮಕ್ಕಳ ಹತ್ತಿರವೇ ಬಂದು ನಿಲ್ಲುತ್ತದೆ. ಕಳೆದ ತಿಂಗಳು ಅಕ್ಕ ಕೇಳಿದಳು: "ಪಾಠ ಮಾಡ್ತೀನಿ, ಅರ್ಥ ಆಯ್ತಾ ಅಂತೀನಿ, ಆಯ್ತು ಮಿಸ್ ಅಂತಾರೆ. ಟೆಸ್ಟ್ ಕೊಟ್ರೆ ಅರ್ಧ ಜನಕ್ಕೆ ಬಂದೇ ಇರಲ್ಲ. ನಿಮ್ಮಲ್ಲಿ ಹೆಂಗೇ ಕಂಡುಹಿಡೀತಾರೆ?"

ಚಿಂತಾಮಣಿಯಲ್ಲಿ ಓದುವಾಗ ನಾನೂ "ಆಯ್ತು ಸಾರ್" ಅಂತ ಕೂಗಿದವಳೇ. ಭಿನ್ನರಾಶಿ ಭಾಗಾಕಾರ ತಲೆಗೆ ಹೋಗಿರಲಿಲ್ಲ. ಕ್ಲಾಸಿನ ಅಷ್ಟೂ ಮಕ್ಕಳ ಮುಂದೆ ಎದ್ದು "ಆಗಲಿಲ್ಲ" ಅನ್ನುವ ಧೈರ್ಯ ಯಾವ ಮಗುವಿಗೆ ಇರುತ್ತದೆ ಹೇಳಿ?

ನಾನಿರುವ ಕ್ಲಾಸಲ್ಲಿ ಟೀಚರ್ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಪ್ರತಿ ಮಗುವಿನ ಹತ್ತಿರ ಒಂದು ಪುಟ್ಟ ಬಿಳಿ ಬೋರ್ಡ್, ಒಂದು ಮಾರ್ಕರ್ ಪೆನ್. ಲೆಕ್ಕ ಹೇಳುತ್ತಾರೆ, ಎಲ್ಲರೂ ಬರೆಯುತ್ತಾರೆ, ಒಂದು ಎರಡು ಮೂರು ಅಂದಾಗ ಎಲ್ಲರೂ ಒಟ್ಟಿಗೇ ಎತ್ತಿ ಹಿಡಿಯುತ್ತಾರೆ. ಮೊದಲ ದಿನ ನೋಡಿದಾಗಲೇ ಅನ್ನಿಸಿತು, ಇದು ನಮ್ಮ ಸ್ಲೇಟು ಬಳಪ ಅಲ್ವಾ! ನಮ್ಮಲ್ಲಿ ಅದರ ಮೇಲೆ ಅಕ್ಷರ ತಿದ್ದಿಸಿ ಬಿಟ್ಟುಬಿಟ್ಟೆವು. ಇಲ್ಲಿ ಅದರಿಂದ ಟೀಚರ್ ಪಾಠದ ಮಧ್ಯದಲ್ಲೇ ಯಾರಿಗೆ ಎಲ್ಲಿ ತೊಡಕಾಗಿದೆ ಅಂತ ನೋಡುತ್ತಾರೆ, ನೋಡಿ ಪಾಠವನ್ನು ಅಲ್ಲೇ ಬದಲಾಯಿಸುತ್ತಾರೆ. ಬದಲಾಯಿಸದಿದ್ದರೆ ಸ್ಲೇಟ್ ಎತ್ತಿಸಿ ಪ್ರಯೋಜನವಿಲ್ಲ.

ಆದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. ನಾನು ಅಕ್ಕನಿಗೆ ಜಾಸ್ತಿ ಹೇಳಿದ್ದು ಇದನ್ನೇ. ದಶಮಾಂಶದ ಪಾಠದಲ್ಲಿ 2.5 ದೊಡ್ಡದಾ 2.3 ದೊಡ್ಡದಾ ಅಂತ ಕೇಳಿದರೆ ಎಲ್ಲರೂ ಸರಿ ಬರೆಯುತ್ತಾರೆ, ನಮಗೂ ಸಮಾಧಾನ ಆಗುತ್ತದೆ. 2.5 ಮತ್ತು 2.35 ಕೊಟ್ಟು ನೋಡಿ. ಚುಕ್ಕಿ ಆದಮೇಲೆ ಇರುವುದನ್ನು ಬರೀ ಐದು, ಮೂವತ್ತೈದು ಅಂತ ಓದುವ ಮಗು 2.35 ಅಂತ ಬರೆಯುತ್ತದೆ. ತಪ್ಪು ಉತ್ತರವೇ ಮಗು ಹೇಗೆ ಯೋಚಿಸಿತು ಅಂತ ತೋರಿಸಬೇಕು, ಅಂಥ ಪ್ರಶ್ನೆಯನ್ನು ಹಿಂದಿನ ರಾತ್ರಿಯೇ ಯೋಚಿಸಿ ಇಟ್ಟುಕೊಳ್ಳಬೇಕು.

ಅಕ್ಕ ಅದನ್ನು ಹಾಲಿನ ಡೈರಿಯ ಲೆಕ್ಕಕ್ಕೆ ತಿರುಗಿಸಿದಳು. ಅವಳ ಮಕ್ಕಳಲ್ಲಿ ಸುಮಾರು ಜನ ಬೆಳಿಗ್ಗೆ ಹಾಲು ಹಾಕಿ ಶಾಲೆಗೆ ಬರುವವರು. "ಒಬ್ಬರು 2.5 ಲೀಟರ್ ಹಾಕಿದರು, ಇನ್ನೊಬ್ಬರು 2.35. ಯಾರಿಗೆ ದುಡ್ಡು ಜಾಸ್ತಿ?" 22 ಸ್ಲೇಟ್ ಮೇಲೆದ್ದವು. 13ರಲ್ಲಿ 2.35! ಅವಳು ಆ ಪಾಠ ಮುಗಿಯಿತು ಅಂದುಕೊಂಡು ಎರಡು ದಿನ ಆಗಿತ್ತು.

ಒಬ್ಬ ಹುಡುಗ ಏನೂ ಬರೆದಿರಲಿಲ್ಲ. ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ಇರುವ ಮಕ್ಕಳೇ ಜಾಸ್ತಿ. ಅಕ್ಕ ಹತ್ತಿರ ಹೋಗಿ ಯಾವುದು ಜಾಸ್ತಿ ಅಂತ ತೆಲುಗಿನಲ್ಲಿ, "ಏದಿ ಎಕ್ಕುವ?" ಅಂದಳು, ತಕ್ಷಣ 2.5 ತೋರಿಸಿದ. ಅವನಿಗೆ ಲೆಕ್ಕ ಬರುತ್ತಿತ್ತು, ಪ್ರಶ್ನೆಯ ಕನ್ನಡ ಬಂದಿರಲಿಲ್ಲ. ಪರೀಕ್ಷೆ ಪೇಪರ್‌ನಲ್ಲಿ ಆ ಖಾಲಿ ಜಾಗಕ್ಕೆ ಸೊನ್ನೆ ಬೀಳುತ್ತಿತ್ತು, ಅವನು ಗಣಿತದಲ್ಲಿ ದಡ್ಡ ಅಂತ ಆಗಿಬಿಡುತ್ತಿತ್ತು. ಇದನ್ನು ಕೇಳಿ ನನಗೆ ತುಂಬ ಹೊತ್ತು ಬೇರೆ ಮಾತೇ ಬರಲಿಲ್ಲ.

ಇನ್ನೊಂದು, ಅಂಕ. 1988ರಲ್ಲಿ ರೂತ್ ಬಟ್ಲರ್ ಅನ್ನುವವರು ಇಸ್ರೇಲಿನ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಎಲ್ಲಿ ಸರಿಮಾಡಬೇಕು ಅನ್ನುವ ಮಾತು ಮಾತ್ರ, ಕೆಲವರಿಗೆ ಎರಡೂ. ಮಾತು ಮಾತ್ರ ಸಿಕ್ಕವರು ಮುಂದೆ ಹೋದರು. ಎರಡೂ ಸಿಕ್ಕವರು ಅಂಕ ಮಾತ್ರ ಸಿಕ್ಕವರಿಗಿಂತ ಮುಂದೆ ಹೋಗಲಿಲ್ಲ. ಮನೆಗೆ ಬಂದ ತಕ್ಷಣ ನಾವು "ಎಷ್ಟು ಬಂತು" ಅಂತಲೇ ಕೇಳುತ್ತೇವಲ್ಲ, ಮಗು ಅದನ್ನೇ ನೋಡುತ್ತದೆ, ಪಕ್ಕದ ಕೆಂಪು ಶಾಯಿಯ ಸಾಲನ್ನು ಓದುವುದಿಲ್ಲ.

ಅಕ್ಕನ ಕಷ್ಟವೂ ಸಣ್ಣದಲ್ಲ. ಐದು ಕ್ಲಾಸಿಗೆ ಇಬ್ಬರೇ ಟೀಚರ್. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಯುತ್ತಿರುವಾಗಲೇ ನೋಡಿ ತಿದ್ದುವುದಕ್ಕೆ), ಎರಡು ಸಂಕಲನಾತ್ಮಕ (ಕಲಿತು ಮುಗಿದ ಮೇಲೆ ಅಳೆಯುವುದಕ್ಕೆ) ಮೌಲ್ಯಮಾಪನ, ಮಕ್ಕಳ ಕೆಲಸಗಳನ್ನು ಸೇರಿಸಿಡುವ ಕೃತಿ ಸಂಪುಟ, ದಾಖಲೆ. "ಬರೆಯೋದರಲ್ಲೇ ಹೊತ್ತು ಹೋಗುತ್ತೆ ಕಣೇ" ಅಂತಾಳೆ. ಇಲ್ಲೂ ಪರೀಕ್ಷೆ ಇಲ್ಲ ಅಂತಲ್ಲ, ಪ್ರೈಮರಿ ಶಾಲೆಯ ಆರನೇ ವರ್ಷದ ಕೊನೆಗೆ ಇಂಗ್ಲೆಂಡಿಗೆಲ್ಲ ಒಂದೇ ಪರೀಕ್ಷೆ ಇದೆ. ಆದರೆ ರೂಪಣಾತ್ಮಕ ಅನ್ನುವುದು ಪುಸ್ತಕದಲ್ಲಿ ತುಂಬುವ ಅಂಕವಾದರೆ ಆ ಹೆಸರಿಗೆ ಅರ್ಥವೇ ಉಳಿಯುವುದಿಲ್ಲ. ಅದಕ್ಕೆ ಅಕ್ಕನಿಗೆ ಹೇಳಿದೆ, ಎಲ್ಲ ಪಾಠಕ್ಕೂ ಬೇಡ, ದಿನಕ್ಕೆ ಒಂದೇ ಪ್ರಶ್ನೆ ಸಾಕು. ಕೇಳಿದ ಮೇಲೆ ಸ್ವಲ್ಪ ಸುಮ್ನೆ ನಿಂತುಕೋ, ಯೋಚಿಸಲು ಬಿಡು.

ನಿನ್ನೆ ಒಂದು ಫೋಟೊ ಕಳಿಸಿದ್ದಳು. ಮಕ್ಕಳ ಮುಖ ಕಾಣಲ್ಲ, ಬರೀ ಕೈ, ಸ್ಲೇಟು. ಅದೇ ಪ್ರಶ್ನೆಯನ್ನು ಬೇರೆ ಅಂಕಿ ಹಾಕಿ ಕೇಳಿದ್ದಾಳೆ, 3.4 ಮತ್ತು 3.28. ಹಿಂದಿನ ಸಾಲಿನ ಒಂದು ಸ್ಲೇಟಿನಲ್ಲಿ 3.40 ಅಂತ ಇತ್ತು. ಸೊನ್ನೆ ಹಾಕಿಕೊಂಡು ಹೋಲಿಸೋದು ನೀನು ಹೇಳಿಕೊಟ್ಟಿದ್ದಾ ಅಂತ ಕೇಳಿದೆ.

"ನಾನಲ್ಲ ಕಣೇ. ನಾಳೆ ಅವಳನ್ನೇ ಬೋರ್ಡ್ ಹತ್ತಿರ ಕರೀತೀನಿ" ಅಂದಳು.