ತಮಿಳು ಸಿನಿಮಾದ ಕೋರ್ಟ್ ಸೀನುಗಳು: ಆರನೇ ವಾರ, ಐದು ಸಿನಿಮಾ

ಹೊಸಬರಿಗೆ ಎರಡೇ ಮಾತು. ತಮಿಳು ಸಿನಿಮಾ ಹೇಗೆ ಬದಲಾಯಿತು ಅಂತ ತಿಳಿಯಲು ಎಲ್ಲವನ್ನೂ ನೋಡುತ್ತಾ ಕೂತರೆ ಈ ಜನ್ಮ ಸಾಲದು. ಅದಕ್ಕೇ ಕೋರ್ಟ್ ಸೀನ್ ಇರುವುದನ್ನು ಮಾತ್ರ, ಇಸವಿ ಪ್ರಕಾರ, ಭಾನುವಾರಕ್ಕೊಂದು ನೋಡುತ್ತಿದ್ದೇನೆ. ನನ್ನ ತಮಿಳು ಅರ್ಧಂಬರ್ಧ. ಪಕ್ಕದ ಮನೆ ಆಂಟಿ ಹೊಸೂರಿನವರು, ಅವರೇ ನನ್ನ ಸಬ್‌ಟೈಟಲ್.

ಶುರು ಮಾಡಿದ್ದು 1952ರ ‘ಪರಾಶಕ್ತಿ’ಯಿಂದ. ಶಿವಾಜಿ ಗಣೇಶನ್ ಅವರ ಮೊದಲ ಸಿನಿಮಾ, ಸಂಭಾಷಣೆ ಕರುಣಾನಿಧಿಯವರದು. ಪೂಜಾರಿ ಮೇಲೆ ಕೈ ಮಾಡಿದ ಗುಣಶೇಖರನ್ (ಶಿವಾಜಿ) ಕಟಕಟೆಯಲ್ಲಿ ನಿಂತು ತನ್ನ ಪರ ತಾನೇ ಮಾತಾಡುತ್ತಾನೆ, ಎದುರಿಗೆ ಜಡ್ಜ್ ಆಗಿ ಕೂತಿರುವವನು ಅವನ ಸ್ವಂತ ಅಣ್ಣ. ವಾದ ಅನ್ನುವುದಕ್ಕಿಂತ ಅದು ಭಾಷಣ. ಪ್ರಾಸದ ಮೇಲೆ ಪ್ರಾಸ, ಪುಸ್ತಕದ ತಮಿಳು, ಮಧ್ಯೆ ಉಸಿರು ಯಾವಾಗ ತಗೊಂಡರೋ ಗೊತ್ತಿಲ್ಲ. ತಂಗಿ ಕಲ್ಯಾಣಿಯ ಕಷ್ಟ ಹೇಳುವಾಗ ‘ಓಡಿನಾಳ್, ಓಡಿನಾಳ್’ ಅಂತ ದನಿ ಏರಿಸುತ್ತಾರಲ್ಲ, ಆಗ ನನ್ನ ಪಕ್ಕದಲ್ಲಿ ಕೂತಿದ್ದ ಆಂಟಿಯೂ ಜೊತೆಗೆ ಹೇಳಲು ಶುರು ಮಾಡಿದರು, ಕಣ್ಣು ಟಿವಿ ಮೇಲೆ ಇರಲೇ ಇಲ್ಲ, ಹುರುಳಿಕಾಯಿ ಬಿಡಿಸುತ್ತಿದ್ದರು. ಕರುಣಾನಿಧಿಯವರ ಪಕ್ಷ ಡಿಎಂಕೆ ಹುಟ್ಟಿ ಆಗ ಮೂರೇ ವರ್ಷ. ಪಕ್ಷಕ್ಕೆ ಕೋರ್ಟ್ ಸೆಟ್ಟೇ ವೇದಿಕೆ ಆಯಿತು ಅನ್ನಿ.

1984ರ ‘ವಿಧಿ’ಯಲ್ಲಿ ಸುಜಾತಾ ಲಾಯರ್. ಇಲ್ಲಿಯೂ ಮಾತೋ ಮಾತು, ಆದರೆ ಮನೆಯ ತಮಿಳು. ಇದರ ಡೈಲಾಗುಗಳು ಕ್ಯಾಸೆಟ್ ಆಗಿ ಮಾರಾಟವಾಗಿದ್ದವು, ಹಾಡಲ್ಲ, ಬರೀ ಡೈಲಾಗ್!

ಮೂರು ವರ್ಷ ಕಳೆದು 1987ರಲ್ಲಿ ‘ನಾಯಕನ್’. (ಇದರ ನಿರ್ದೇಶಕ ಮಣಿರತ್ನಂ ಮೊದಲ ಸಿನಿಮಾ ನಮ್ಮ ‘ಪಲ್ಲವಿ ಅನುಪಲ್ಲವಿ’ ಅಂತ ಹೇಳಿದರೆ ಆಂಟಿ ಇನ್ನೂ ನಂಬಿಲ್ಲ.) ಇಲ್ಲಿ ಕೋರ್ಟು ಬೇಗ ಮುಗಿಯುತ್ತದೆ. ನೆನಪಲ್ಲಿ ಉಳಿಯುವುದು ಮೊಮ್ಮಗ ಕೇಳುವ ಪ್ರಶ್ನೆ: ನೀವು ಒಳ್ಳೆಯವರಾ, ಕೆಟ್ಟವರಾ? ಡಾನ್ ಪಾತ್ರದ ಕಮಲ್ ಹಾಸನ್ ‘ತೆರಿಯಲಿಯೇಪ್ಪಾ’ ಅನ್ನುತ್ತಾರೆ. ಗೊತ್ತಿಲ್ಲಪ್ಪಾ, ಅಷ್ಟೇ. ಶಿವಾಜಿ ಆಗಿದ್ದರೆ ಇದಕ್ಕೆ ನಾಲ್ಕು ಪುಟ ಬೇಕಾಗುತ್ತಿತ್ತು, ಅಲ್ವಾ?

ಇಲ್ಲಿಗೆ ನಾನು ನೋಟ್‌ಬುಕ್ಕಿನಲ್ಲಿ ‘ಮಾತು ಕಡಿಮೆ ಆಗುತ್ತಾ ಬಂತು’ ಅಂತ ದೊಡ್ಡದಾಗಿ ಬರೆದಿದ್ದೆ. 2021ರ ‘ಜೈ ಭೀಮ್’ ನೋಡಿ ಹೊಡೆದು ಹಾಕಿದೆ. ಸೂರ್ಯ ಜಾಸ್ತಿಯೇ ಮಾತಾಡುತ್ತಾರೆ. ಆದರೆ ಮಾತಿನ ಜಾತಿ ಬೇರೆ. ಇರುಳರ್ ಸಮುದಾಯದ ಸೆಂಗೇಣಿಯ ಗಂಡ ಪೊಲೀಸ್ ವಶದಿಂದ ಕಾಣೆಯಾಗಿದ್ದಾನೆ, ಮದ್ರಾಸ್ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ವಶದಲ್ಲಿರುವವನನ್ನು ಕೋರ್ಟಿಗೆ ತಂದು ನಿಲ್ಲಿಸಿ ಅಂತ ಕೇಳುವುದು), ಸಾಕ್ಷಿ, ಫೋನ್ ದಾಖಲೆ. ಪ್ರಾಸಕ್ಕೆ ಜಾಗವೇ ಇಲ್ಲ. ಸೂರ್ಯ ಮಾಡಿದ ಪಾತ್ರ ನಿಜವಾದ ವಕೀಲರದು, ಕೆ. ಚಂದ್ರು, ಮುಂದೆ ಅದೇ ಹೈಕೋರ್ಟಿನ ನ್ಯಾಯಮೂರ್ತಿ ಆದರು. ಸಿನಿಮಾ ಥಿಯೇಟರಿಗೆ ಹೋಗದೆ ನೇರ ಅಮೆಜಾನ್ ಪ್ರೈಮ್‌ಗೆ ಬಂತು.

ಕಳೆದ ಭಾನುವಾರ 2022ರ ‘ಗಾರ್ಗಿ’. ಸಾಯಿ ಪಲ್ಲವಿಯ ಅಪ್ಪನ ಪರ ನಿಲ್ಲುವ ಲಾಯರ್ ಕಾಳಿ ವೆಂಕಟ್. ಅವನಿಗೆ ಉಗ್ಗು! ಒಂದು ಶಬ್ದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಇಡೀ ಕೋರ್ಟು ಕಾಯುತ್ತದೆ, ನಾನೂ ಕಾದೆ. ಜಡ್ಜ್ ಸೀಟಿನಲ್ಲಿ ಒಬ್ಬ ಟ್ರಾನ್ಸ್ ಮಹಿಳೆ. ಸಿನಿಮಾ ನಿಲ್ಲಿಸಿ, ಸುಮ್ನೆ ‘ಪರಾಶಕ್ತಿ’ಯ ಆ ಸೀನ್ ಮತ್ತೆ ಹಾಕಿ ನೋಡಿದೆ. ತಮಿಳು ಹೀರೋ ನಾಲಿಗೆ ತಡವರಿಸಲು 70 ವರ್ಷ ಹಿಡಿಯಿತು.

ಬಾಕಿ: 1973ರ ‘ಗೌರವಂ’. ಸಿಕ್ಕ ಕಾಪಿಯಲ್ಲಿ ತುಟಿ ಒಂದು ಕಡೆ, ದನಿ ಒಂದು ಕಡೆ ಇತ್ತು, ಹತ್ತು ನಿಮಿಷಕ್ಕೆ ತಲೆನೋವು ಬಂದು ಬಿಟ್ಟೆ. ಒಂದು ಭಾನುವಾರ ಹಾಗೇ ಹೋಯಿತು. ಈಗ ಗೆಳೆಯ ಬೇರೆ ಕಾಪಿ ಕೊಟ್ಟಿದ್ದಾನೆ. ಅದರಲ್ಲಿ ಬ್ಯಾರಿಸ್ಟರ್ ಶಿವಾಜಿ ಎದುರು ವಾದ ಮಾಡುವುದೂ ಶಿವಾಜಿಯೇ. ಆಂಟಿ ಆಗಲೇ ಚಕ್ಕುಲಿ ಮಾಡಿ ಇಟ್ಟಿದ್ದಾರೆ.